"ಎಸ್ಪೆರಾರ್" ಅಂದ್ರೆ ಕಾಯೋದಾ, ಆಶಿಸೋದಾ, ನಿರೀಕ್ಷಿಸೋದಾ?

ಹಸಿರು ಕೊಡೆ:
ಎಂಟು ತಿಂಗಳಿಂದ ಸ್ಪ್ಯಾನಿಷ್ ಕಲೀತಿದ್ದೀನಿ. ಕೆಲಸ ಬೆಂಗಳೂರಲ್ಲಿ, ಗ್ರಾಹಕರು ಮೆಕ್ಸಿಕೋದವರು. ಯಂತ್ರಗಳ ಬಿಡಿಭಾಗ ಕಳಿಸೋ ಕಂಪನಿಯ ಸಪೋರ್ಟ್ ತಂಡದಲ್ಲಿದ್ದೀನಿ. ಹೋದ ವಾರ ಒಬ್ಬ ಗ್ರಾಹಕರಿಂದ ಒಂದೇ ಸಾಲಿನ ಮೆಸೇಜ್ ಬಂತು: "ಎಸ್ಪೆರೊ ಆ ಕೆ ಯೆಗೆ ಲಾ ಪಿಯೆಸಾ." 'ಪಾರ್ಟ್ ಬರುತ್ತೆ ಅಂತ ಆಶಿಸ್ತೀನಿ' ಅಂತ ಓದಿಕೊಂಡೆ. ಮರ್ಯಾದೆಗೆ ಹೇಳಿದ ಮಾತು ಅನ್ಕೊಂಡು, ಧನ್ಯವಾದ ಬರೆದು ಅವರ ಟಿಕೆಟ್, ಅಂದ್ರೆ ದೂರಿನ ದಾಖಲೆ, ಮುಚ್ಚಿಬಿಟ್ಟೆ. ಅವರು ಹೇಳಿದ್ದು 'ಪಾರ್ಟ್ ಬರೋವರೆಗೂ ಕಾಯ್ತಾ ಕೂತಿದ್ದೀನಿ' ಅಂತ. ಅವರ ಯಂತ್ರ ನಿಂತೇ ಹೋಗಿತ್ತು. ಟಿಕೆಟ್ ಮುಚ್ಚಿದ್ದರಿಂದ ನಾಲ್ಕು ದಿನ ಯಾರೂ ಅವರನ್ನ ಮಾತಾಡಿಸಲಿಲ್ಲ. ಐದನೇ ದಿನ ಎರಡೇ ಪದ ಬಂತು: "ಸೀಗೊ ಎಸ್ಪೆರಾಂದೊ." ಇನ್ನೂ ಕಾಯ್ತಿದ್ದೀನಿ. ಆಗ ಅರ್ಥ ಆಯ್ತು.

ನಿಘಂಟಲ್ಲಿ ಎಸ್ಪೆರಾರ್‌ಗೆ ಮೂರು ಅರ್ಥ ಕೊಟ್ಟಿದ್ದಾರೆ. ಕಾಯು, ಆಶಿಸು, ನಿರೀಕ್ಷಿಸು. ಮೂರೂ ಬೇರೆ ಬೇರೆ ಅಲ್ವಾ? ಬಸ್ಸಿಗೆ ಕಾಯೋನು ಬೇರೆ, ಬಸ್ ಬರ್ಲಿ ಅಂತ ಹಾರೈಸೋನು ಬೇರೆ. ಆ ಭಾಷೆ ಆಡೋರು ಒಂದೇ ಪದ ಇಟ್ಕೊಂಡು ಹೇಗೆ ಬೇರ್ಪಡಿಸ್ತಾರೆ? ಗೊತ್ತಿರೋರು ದಯವಿಟ್ಟು ಬಿಡಿಸಿ ಹೇಳಿ. ಇನ್ನೊಂದ್ಸಲ ಈ ತಪ್ಪು ಮಾಡೋಕೆ ನಂಗಿಷ್ಟ ಇಲ್ಲ.

ಗ್ವಾದಲಾಹಾರ ವಾಸಿ:
ನೀವು ಎಡವಿದ್ದು ಆ ಒಂಟಿ "ಆ" ಮೇಲೆ. "ಎಸ್ಪೆರೊ ಕೆ ಯೆಗೆ" ಅಂದ್ರೆ ಬರ್ಲಿ ಅನ್ನೋ ಆಸೆ. "ಎಸ್ಪೆರೊ ಆ ಕೆ ಯೆಗೆ" ಅಂದ್ರೆ ಬರೋ ತನಕ ಕಾಯೋದು. ಕ್ರಿಯಾಪದ ಎರಡರಲ್ಲೂ "ಯೆಗೆ", ಅದನ್ನ ನೋಡಿ ಏನೂ ತಿಳಿಯಲ್ಲ. ಇಲ್ಲಿ ಜನ ಬೇಗ ಮಾತಾಡುವಾಗ "ಎಸ್ಪೆರೊ" ಕೊನೆಯ ಒಕಾರ, ಆಮೇಲಿನ "ಆ", ಎರಡೂ ಅಂಟಿಕೊಂಡು ಬರ್ತವೆ, ಕಿವಿಗೆ ಬೀಳೋದೇ ಕಷ್ಟ. ಬರಹದಲ್ಲಿ ನಿಮಗದು ಕಣ್ಮುಂದೇ ಇತ್ತು. ಅದನ್ನ ನೋಡೋಕೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

"ಆ" ಬಿಟ್ಟು ಮಾತಾಡೋರೂ ಇದ್ದಾರೆ. ಆಗ ಸಂದರ್ಭವೇ ಗತಿ. ಆದರೆ ಒಬ್ಬರು "ಆ" ಹಾಕಿ ಬರೆದಿದ್ದಾರೆ ಅಂದ್ರೆ ಅನುಮಾನವೇ ಬೇಡ, ಅವರು ಕಾಯ್ತಿದ್ದಾರೆ.

ಸೆವಿಯಾ ಕಿಟಕಿ:
ಸ್ಪೇನ್‌ನಲ್ಲಿ ಹನ್ನೊಂದು ವರ್ಷದಿಂದ ಇದ್ದೀನಿ, ಬಂದವರಿಗೆ ಭಾಷೆ ಹೇಳಿಕೊಡೋದೇ ಕೆಲಸ. ಮೇಲಿನ ಉತ್ತರ ಸರಿ. ಅದೇ "ಆ" ಕ್ರಿಯಾಪದದ ಜೊತೆಗೂ ಕೆಲಸ ಮಾಡುತ್ತೆ. "ಎಸ್ಪೆರೊ ಬೆರ್ತೆ" ಅಂದ್ರೆ ನಿನ್ನ ನೋಡೋ ಆಸೆಯಲ್ಲಿದ್ದೀನಿ. "ಎಸ್ಪೆರೊ ಆ ಬೆರ್ತೆ" ಅಂದ್ರೆ ನಿನ್ನ ನೋಡೋವರೆಗೂ ತಡೀತೀನಿ, ಆಮೇಲೆ ಮುಂದಿನದು.

ಕಾಲ ನೋಡಿದ್ರೂ ಗೊತ್ತಾಗುತ್ತೆ. "ಎಸ್ಪೆರೊ ಕೆ ಆಯಾ ಯೆಗಾದೊ" ಅಂದ್ರೆ ಬಂದು ತಲುಪಿರಬಹುದು ಅಂತ ಆಶಿಸ್ತೀನಿ. ಮುಗಿದ ಸಂಗತಿಗೆ ಕಾಯೋಕಾಗಲ್ಲ, ಆದ್ದರಿಂದ ಅಲ್ಲಿ ಉಳಿಯೋದು ಆಸೆ ಮಾತ್ರ. "ಎಸ್ತೊಯ್ ಎಸ್ಪೆರಾಂದೊ" ಅಂತ ಈಗ ನಡೀತಿರೋ ರೂಪದಲ್ಲಿ ಬಂದ್ರೆ ಹೆಚ್ಚಾಗಿ ಕಾಯೋದು. ಆಜ್ಞೆಯಾಗಿ "ಎಸ್ಪೆರಾ!" ಅಂದ್ರೆ ನಿಲ್ಲು, ತಾಳು. "ದೆ" ಸೇರಿದ್ರೆ ನಿರೀಕ್ಷೆ: "ನೋ ಎಸ್ಪೆರೊ ನಾದಾ ದೆ ತಿ", ನಿನ್ನಿಂದ ನಾನೇನೂ ನಿರೀಕ್ಷಿಸಲ್ಲ. ನಮ್ಮ "ಇಂದ" ಹೇಗೋ ಅವರ "ದೆ" ಹಾಗೇ.

ಆದರೆ ನಿಮ್ಮ ಪ್ರಶ್ನೆಯೊಳಗೆ ಒಂದು ನಂಬಿಕೆ ಕೂತಿದೆ, ಅದನ್ನ ಮೊದಲು ಅಲ್ಲಾಡಿಸಬೇಕು. ಮೂರು ಅರ್ಥ ಇವೆ, ಮಾತಾಡೋನು ಅದರಲ್ಲಿ ಒಂದನ್ನ ಆರಿಸ್ತಾನೆ ಅಂತ ನಾವು ಅನ್ಕೊಳ್ಳೋದಕ್ಕೆ ಕಾರಣ ನಾವೆಲ್ಲ ಸ್ಪ್ಯಾನಿಷ್ ಕಲಿಯೋದು ಇಂಗ್ಲಿಷ್ ಪುಸ್ತಕದಿಂದ. ಇಂಗ್ಲಿಷಿನಲ್ಲಿ ಇದಕ್ಕೆ ಮೂರು ಪದ ಇರೋದ್ರಿಂದ ಪುಸ್ತಕ ಮೂರು ಅರ್ಥ ಅನ್ನುತ್ತೆ. ಕೆಫೆಯಲ್ಲಿ ಒಬ್ಬರೇ ಕೂತಿರೋರನ್ನ ವೇಟರ್ ಕೇಳ್ತಾನೆ, "ಎಸ್ಪೆರಾಸ್ ಆ ಆಲ್ಗಿಯೆನ್?" ಯಾರಿಗಾದ್ರೂ ಕಾಯ್ತಿದ್ದೀರಾ, ಯಾರಾದ್ರೂ ಬರೋರಿದ್ದಾರಾ? ಎರಡರಲ್ಲಿ ಯಾವುದು ಅಂತ ಆ ವೇಟರ್‌ನ ಕೇಳಿದ್ರೆ ಪ್ರಶ್ನೆಯೇ ಅವನಿಗೆ ಅರ್ಥ ಆಗಲ್ಲ. ಅವನ ತಲೆಯಲ್ಲಿ ಅದು ಒಂದೇ. ಕನ್ನಡದ ದಾರೀಲಿ ಹೋಗಿ ನೋಡಿ, ಇದು ಎಷ್ಟು ಹತ್ತಿರ ಅನ್ನಿಸುತ್ತೆ ಅಂತ.

ಹಸಿರು ಕೊಡೆ:
ಕನ್ನಡದ ದಾರಿ ಅಂದ್ರೆ? ನಮ್ಮಲ್ಲೂ ಕಾಯು, ಆಶಿಸು, ನಿರೀಕ್ಷಿಸು ಅಂತ ಮೂರು ಪದ ಇದೆಯಲ್ಲ?

ಸೆವಿಯಾ ಕಿಟಕಿ:
"ಕಾಯು" ಅನ್ನೋದನ್ನೇ ತಗೊಳ್ಳಿ. "ದನ ಕಾಯ್ತಿದ್ದೀನಿ" ಅಂದ್ರೆ ಏನು? "ದನಕ್ಕೆ ಕಾಯ್ತಿದ್ದೀನಿ" ಅಂದ್ರೆ? ಮೊದಲನೆಯವನು ಕೋಲು ಹಿಡಿದು ಗೋಮಾಳದಲ್ಲಿದ್ದಾನೆ, ದನ ಅವನ ಕಣ್ಣೆದುರಿಗಿದೆ. ಎರಡನೆಯವನು ಸಂಜೆ ಕೊಟ್ಟಿಗೆ ಬಾಗಿಲಲ್ಲಿ ನಿಂತಿದ್ದಾನೆ, ದನ ಇನ್ನೂ ಬಂದಿಲ್ಲ. "ಮನೆ ಕಾಯೋದು" ಕಾವಲುಗಾರನ ಕೆಲಸ, "ಮನೆಗೆ ಕಾಯೋದು" ಸೈಟ್ ಹಂಚಿಕೆ ಪಟ್ಟಿಯಲ್ಲಿ ಹೆಸರು ಬರೆಸಿದವನ ಪಾಡು. ನಡುವೆ ಇರೋದು ಒಂದು "ಗೆ". ಹುಟ್ಟಿದಾಗಿನಿಂದ ಇದನ್ನ ಬೇರ್ಪಡಿಸ್ತಾ ಬಂದಿದ್ದೀರಿ, ಒಂದು ದಿನವೂ 'ಕಾಯು ಪದಕ್ಕೆ ಎರಡರ್ಥ, ಈಗ ಯಾವುದು' ಅಂತ ನಿಂತು ಯೋಚಿಸಿಲ್ಲ. ಅವರ "ಆ ಕೆ" ಅದೇ ಥರದ ಚಿಕ್ಕ ಗುರುತು.

ಧಾರವಾಡ ಫೇಡೆ:
ಒಂದು ಮಾತು ಹೇಳ್ತೀನ್ರಿ. ನಮ್ಮ ಕಡೆ "ನಿನ್ನನ್ನ ಕಾಯಾಕತ್ತಿದ್ದೆ" ಅಂತನೂ ಅಂತೀವಿ. ಅಲ್ಲಿ "ಗೆ" ಇಲ್ಲ, ಆದ್ರೂ ಅದು ಕಾವಲು ಅಲ್ಲ. ಹಂಗಾರ ನಿಮ್ಮ ನಿಯಮ ಪೂರ್ತಿ ನಿಲ್ಲೂದಿಲ್ಲ. ಮತ್ತ ಹೆಚ್ಚಾಗಿ ನಾವು "ಹಾದಿ ನೋಡೂದು" ಅಂತೀವಿ. "ಅವ್ವ ನಿನ್ನ ಹಾದಿ ನೋಡಾಕತ್ತಾಳ, ಲಗೂನ ಬಾ." ಅದರಾಗ ಕಾಯೂದೂ ಐತಿ, ಬರತಾನ ಅನ್ನೂ ಭರವಸೆನೂ ಐತಿ. ಬರೂದಿಲ್ಲ ಅಂತ ಖಾತ್ರಿ ಇದ್ದವರ ಹಾದಿ ಯಾರೂ ನೋಡಂಗಿಲ್ಲ. ನನಗ ನಿಮ್ಮ ಎಸ್ಪೆರಾರ್ ಅಂದ್ರ ಇದ ಅನ್ನಿಸ್ತದ.

ಸೆವಿಯಾ ಕಿಟಕಿ:
ಒಪ್ಪಿದೆ. ಮೈಸೂರು ಕಡೆಯೂ "ನಿನ್ನನ್ನೇ ಕಾಯ್ತಿದ್ದೆ" ಅಂತಾರೆ, ನಾನು ಮರೆತಿದ್ದೆ. ಹೊಲ, ಮನೆ, ದನಕ್ಕೆ ಬಂದಾಗ "ಗೆ" ಗಟ್ಟಿ, ಮನುಷ್ಯರಿಗೆ ಬಂದಾಗ ಸಡಿಲ. ಸ್ಪ್ಯಾನಿಷ್‌ನಲ್ಲೂ "ಆ" ಬಿಡೋರಿದ್ದಾರೆ ಅಂತ ಮೇಲೆ ಬಂತಲ್ಲ, ಅದೇ ಬಗೆ. "ಹಾದಿ ನೋಡು" ಮಾತ್ರ ಎಸ್ಪೆರಾರ್‌ಗೆ ನಾನು ಕೇಳಿದ ಅತ್ಯಂತ ಒಳ್ಳೆಯ ಕನ್ನಡ. ಇನ್ನು ಮುಂದೆ ನನ್ನ ಕನ್ನಡದ ವಿದ್ಯಾರ್ಥಿಗಳಿಗೆ ಇದನ್ನೇ ಹೇಳ್ತೀನಿ.

ಕುಂದಾಪ್ರ ಕಡಲು:
ನನ್ನದೊಂದು ಗೊಂದಲ. "ಎಸ್ಪೆರೊ ಎಲ್ ಆಟೊಬುಸ್", ಬಸ್ಸಿಗೆ ಕಾಯ್ತಿದ್ದೀನಿ, ಇಲ್ಲಿ "ಆ" ಇಲ್ಲ. "ಎಸ್ಪೆರೊ ಆ ಮಿ ಎರ್ಮಾನಾ", ಅಕ್ಕನಿಗೆ ಕಾಯ್ತಿದ್ದೀನಿ, ಇಲ್ಲಿ "ಆ" ಇದೆ. ಎರಡೂ ಕಾಯೋದೇ. ಹಾಗಾದ್ರೆ "ಆ" ಇದ್ರೆ ಕಾಯೋದು, ಇಲ್ಲದಿದ್ರೆ ಆಸೆ ಅನ್ನೋ ಸೂತ್ರ ಎಲ್ಲಿ ಹೋಯ್ತು?

ಗ್ವಾದಲಾಹಾರ ವಾಸಿ:
ಆ ಸೂತ್ರ "ಕೆ" ಮತ್ತು ಕ್ರಿಯಾಪದದ ಮುಂದೆ ಮಾತ್ರ. ನಾಮಪದದ ಮುಂದಿನ "ಆ" ಬೇರೆಯದು. ಕರ್ಮ ಮನುಷ್ಯರಾದ್ರೆ ಸ್ಪ್ಯಾನಿಷ್ "ಆ" ಹಾಕುತ್ತೆ, ಜಡವಸ್ತು ಆದ್ರೆ ಹಾಕಲ್ಲ. ಇದು ಎಸ್ಪೆರಾರ್‌ಗೆ ಮಾತ್ರ ಸೀಮಿತ ಅಲ್ಲ, ನೋಡು, ಕರೆ, ಹುಡುಕು ಎಲ್ಲದಕ್ಕೂ ಇದೆ. ಇಂಗ್ಲಿಷಿನವರಿಗೆ ಇದು ದೊಡ್ಡ ತಲೆನೋವು. ನಮಗೆ ಆಗಬಾರದು. "ಪುಸ್ತಕ ನೋಡಿದೆ" ಅಂತೀವಿ, "ಪುಸ್ತಕವನ್ನು" ಅಂತ ಎಳೆಯಲ್ಲ. ಅದೇ "ಅಕ್ಕ ನೋಡಿದೆ" ಅಂತೀವಾ? "ಅಕ್ಕನ್ನ ನೋಡಿದೆ" ಅನ್ನಲೇಬೇಕು. ಮನುಷ್ಯರು ಬಂದ ಕೂಡಲೇ ನಮ್ಮ ನಾಲಿಗೆಗೆ "ಅನ್ನ" ಬೇಕು. ಅವರಿಗೆ "ಆ" ಬೇಕು.

ಕುಂದಾಪ್ರ ಕಡಲು:
ಹೋ! ಎರಡು ವರ್ಷದಿಂದ ಇದನ್ನ ಪಟ್ಟಿ ಮಾಡಿ ಉರು ಹೊಡೀತಿದ್ದೆ. ಇನ್ನು ಬೇಡ.

ಅಂಕಗಣಿತ:
"ನಿರೀಕ್ಷೆ" ಬಗ್ಗೆ ಯಾರೂ ಹೇಳಲಿಲ್ಲ. ಸಂಸ್ಕೃತದ "ಈಕ್ಷ್", ಅಂದ್ರೆ ನೋಡು, ಅದರಿಂದ ಬಂದ ಪದ. ಕನ್ನಡದಲ್ಲಿ ಅದು ಎಷ್ಟು ಕಡೆ ಹರಡಿದೆ ನೋಡಿ. ಕಂದಾಯ ನಿರೀಕ್ಷಕ ಅಂದ್ರೆ ತಪಾಸಣೆ ಮಾಡೋ ಅಧಿಕಾರಿ. ಊರ ಹೊರಗೆ ಹಳೇ ಮರಗಳ ನಡುವೆ ಇರೋ ನಿರೀಕ್ಷಣಾ ಮಂದಿರ ಅಧಿಕಾರಿಗಳು ತಪಾಸಣೆಗೆ ಬಂದಾಗ ತಂಗೋಕೆ ಕಟ್ಟಿದ್ದು. ಚಿಕ್ಕವನಿದ್ದಾಗ ಆ ಬೋರ್ಡ್ ಓದಿ, ಅಲ್ಲಿ ಜನ ಏನಕ್ಕೋ ಕಾಯ್ತಾ ಕೂತಿರ್ತಾರೆ ಅನ್ಕೊಂಡಿದ್ದೆ. ರೈಲ್ವೆ ನಿಲ್ದಾಣದ ನಿರೀಕ್ಷಣಾ ಕೊಠಡಿಯಲ್ಲಿ ನಿಜವಾಗಿಯೂ ಕಾಯ್ತಾರೆ. ಕೋರ್ಟಿನ ನಿರೀಕ್ಷಣಾ ಜಾಮೀನು ಬಂಧನ ಆಗಬಹುದು ಅಂತ ಮೊದಲೇ ತಗೊಳ್ಳೋದು. ಇನ್ನು ಚರ್ಚಿನಲ್ಲಿ "ನಂಬಿಕೆ, ನಿರೀಕ್ಷೆ, ಪ್ರೀತಿ" ಅಂತ ಓದೋದು ಕೇಳಿದ್ದೀನಿ. ಅಲ್ಲಿ ನಿರೀಕ್ಷೆ ಅಂದ್ರೆ ಶುದ್ಧ ಭರವಸೆ. ಸ್ಪ್ಯಾನಿಷ್ ಬೈಬಲ್‌ನಲ್ಲಿ ಅದೇ ಜಾಗದಲ್ಲಿ ಎಸ್ಪೆರಾರ್‌ನಿಂದ ಆದ ನಾಮಪದ "ಎಸ್ಪೆರಾನ್ಸಾ" ಇದೆ.

ಗಣಿತದಲ್ಲೂ ಹೀಗೇ. ನಾವು ನಿರೀಕ್ಷಿತ ಮೌಲ್ಯ ಅನ್ನೋದನ್ನ ಅವರು "ಎಸ್ಪೆರಾನ್ಸಾ ಮಾತೆಮಾತಿಕಾ" ಅಂತಾರೆ. ದಾಳದಲ್ಲಿ 1ರಿಂದ 6ರವರೆಗೆ ಇದ್ದರೆ ನಿರೀಕ್ಷಿತ ಮೌಲ್ಯ 3.5. ಯಾವ ದಾಳದಲ್ಲೂ 3.5 ಬೀಳಲ್ಲ, ಅದಕ್ಕೆ ಯಾರೂ ಕಾಯ್ತಾನೂ ಇಲ್ಲ. ಆದ್ರೂ ಪದ ಅದೇ. ನಿರೀಕ್ಷಿತ ಜೀವಿತಾವಧಿ ಅವರಿಗೆ "ಎಸ್ಪೆರಾನ್ಸಾ ದೆ ಬಿದಾ". ಅಕ್ಷರಶಃ ತಗೊಂಡ್ರೆ ಬದುಕಿನ ಭರವಸೆ. ಸರ್ಕಾರಿ ಅಂಕಿ ಅಂಶದ ಪುಟದಲ್ಲಿ ಮೊದಲ ಸಲ ಅದನ್ನ ಓದಿದಾಗ ಸ್ವಲ್ಪ ಹೊತ್ತು ಹಾಗೇ ನೋಡ್ತಾ ಕೂತಿದ್ದೆ.

ಸೆವಿಯಾ ಕಿಟಕಿ:
ಮೂಲ ಲ್ಯಾಟಿನ್ನಿನ "ಸ್ಪೆರಾರೆ". ಅಲ್ಲಿ ಮುಖ್ಯ ಅರ್ಥ ಆಶಿಸು. ಫ್ರೆಂಚರ "ಎಸ್ಪೆರೆ", ಇಟಲಿಯವರ "ಸ್ಪೆರಾರೆ" ಇವತ್ತಿಗೂ ಆಶಿಸೋದೇ. ಕಾಯೋಕೆ ಫ್ರೆಂಚರು "ಅತಾಂದ್ರ್" ಅಂತಾರೆ, ಇಟಲಿಯವರು "ಆಸ್ಪೆತ್ತಾರೆ". ಸ್ಪೇನ್, ಪೋರ್ಚುಗಲ್ ಕಡೆಯವರು ಮಾತ್ರ ಆಸೆಯ ಪದವನ್ನೇ ಕಾಯೋದಕ್ಕೂ ಹಿಗ್ಗಿಸಿದ್ರು.

ಕಾಯೋದಕ್ಕೆ ಅವರಿಗೆ ಇನ್ನೊಂದು ಪದ ಇದೆ: "ಆಗ್ವಾರ್ದಾರ್". ಸ್ವಲ್ಪ ಗಂಭೀರ, ಪತ್ರ ವ್ಯವಹಾರದಲ್ಲಿ ಹೆಚ್ಚು. ಇದರೊಳಗೆ ಇರೋದು "ಗ್ವಾರ್ದಾರ್", ಅಂದ್ರೆ ಕಾಪಾಡು, ಜೋಪಾನ ಮಾಡು. ನಮ್ಮ ಕಾಯು, ಕಾವಲು, ಕಾಪಾಡು ಹೇಗೋ ಹಾಗೇ! ಕಣ್ಣಿಟ್ಟು ಕೂರೋನೇ ಕಾವಲುಗಾರ, ಕಣ್ಣಿಟ್ಟು ಕೂರೋನೇ ಕಾಯೋನು. ಎರಡು ಭಾಷೆಗೂ ಸಂಬಂಧವೇ ಇಲ್ಲ, ಆದ್ರೂ ಒಂದೇ ಕಡೆ ಬಂದು ನಿಂತಿವೆ. ಹಸಿರು ಕೊಡೆಯವರೇ, ಎಸ್ಪೆರಾರ್ ಹಾಕೋಕೆ ಭಯ ಆದ್ರೆ ಕೆಲಸದ ಮೇಲ್‌ನಲ್ಲಿ ಆಗ್ವಾರ್ದಾರ್ ಹಾಕಿ, ಆಸೆಯ ಅರ್ಥ ಅದಕ್ಕೆ ಅಂಟಿಕೊಂಡಿಲ್ಲ. ಬರೀ ಹಾರೈಕೆ ಬೇಕಿದ್ರೆ "ಓಹಾಲಾ". ಅರಬ್ಬಿಯಿಂದ ಬಂದ ಪದ, ಅದರೊಳಗೆ ಅಲ್ಲಾ ಇದ್ದಾನೆ. "ಬಂದ್ರೆ ಸಾಕಪ್ಪಾ" ಅಂತೀವಲ್ಲ, ಆ ದನಿ.

ಗ್ವಾದಲಾಹಾರ ವಾಸಿ:
ಇಲ್ಲಿ ಫೋನಲ್ಲಿ "ಎಸ್ಪೆರಾಮೆ ತಾಂತಿತೊ" ಅಂತಾರೆ, ಒಂಚೂರು ತಾಳಿ ಅಂತ. ತಾಂತಿತೊ ಮೆಕ್ಸಿಕೋದ ಮುದ್ದಿನ ಪದ. ಪಕ್ಕದ ಮನೆಯಾಕೆ "ಎಸ್ತೊಯ್ ಎಸ್ಪೆರಾಂದೊ" ಅಂತ ಹೊಟ್ಟೆ ಮೇಲೆ ಕೈ ಇಟ್ಟುಕೊಂಡು ಹೇಳಿದಾಗ 'ಯಾರಿಗೆ?' ಅಂತ ಕೇಳಿದ್ದೆ. ನಾವು "ಏನಾದ್ರೂ ವಿಶೇಷ?" ಅಂತ ಕೇಳ್ತೀವಲ್ಲ, ಆ ವಿಶೇಷ ಅದು.

ಸೆವಿಯಾ ಕಿಟಕಿ:
ಸ್ಪೇನ್‌ನ ಹಿರಿಯರು ಬಸುರಿಗೆ "ಎಸ್ತಾದೊ ದೆ ಬ್ವೆನಾ ಎಸ್ಪೆರಾನ್ಸಾ" ಅಂತಾರೆ, ಒಳ್ಳೆಯ ಭರವಸೆಯ ಸ್ಥಿತಿ. ಇದರ ಬೇರು ಹಳೆಯದು. 656ರಲ್ಲಿ ತೊಲೇದೊದಲ್ಲಿ ಸೇರಿದ ಚರ್ಚ್ ಸಭೆ ಡಿಸೆಂಬರ್ 18ನ್ನ ಮರಿಯಮ್ಮನ ಹಬ್ಬ ಅಂತ ಗೊತ್ತುಮಾಡಿತು, ಕ್ರಿಸ್‌ಮಸ್‌ಗೆ ಒಂದು ವಾರ ಮೊದಲು. ಹೆರಿಗೆಯ ನಿರೀಕ್ಷೆಯ ಹಬ್ಬ ಅಂತಲೂ ಅದಕ್ಕೆ ಹೆಸರು, ಎಸ್ಪೆರಾನ್ಸಾಳ ಹಬ್ಬ ಅಂತಲೂ ಹೆಸರು. ದಿನ ತುಂಬಿದ ತಾಯಿ, ಇನ್ನೇನು ಹುಟ್ಟಬೇಕಾದ ಮಗು. ಅಲ್ಲಿ ಕಾಯೋದನ್ನೂ ಆಶಿಸೋದನ್ನೂ ಹೇಗೆ ಬೇರೆ ಮಾಡ್ತೀರಿ?

ನಮ್ಮ ಸೆವಿಯಾದಲ್ಲಿ ಮಕಾರೆನಾ ಬಡಾವಣೆಯ ಎಸ್ಪೆರಾನ್ಸಾ, ಆ ಹೆಸರಿನ ಮರಿಯಮ್ಮನ ಮೂರ್ತಿ, ಅಂದ್ರೆ ಊರಿಗೂರೇ ಕರಗುತ್ತೆ. ನದಿಯಾಚೆ ತ್ರಿಯಾನಾದವರಿಗೆ ಅವರದೇ ಇನ್ನೊಬ್ಬ ಎಸ್ಪೆರಾನ್ಸಾ. ಈಸ್ಟರ್‌ಗೆ ಮುಂಚಿನ ಪವಿತ್ರ ವಾರದ ಗುರುವಾರ ರಾತ್ರಿಯಿಂದ ಶುಕ್ರವಾರದ ಬೆಳಗಿನ ತನಕ ಇಬ್ಬರನ್ನೂ ಬೀದಿಯಲ್ಲಿ ಹೊತ್ತು ಮೆರೆಸ್ತಾರೆ. ಮಕಾರೆನಾದ ಆ ಮರದ ಮೂರ್ತಿಯ ಕೆನ್ನೆ ಮೇಲೆ ಗಾಜಿನ ಕಣ್ಣೀರ ಹನಿಗಳಿವೆ. ಅಳ್ತಿರೋ ಅವಳ ಹೆಸರೇ ಭರವಸೆ. ಡಿಸೆಂಬರ್ 18ರ ಸುಮಾರಿಗೆ ಮೂರ್ತಿಯನ್ನ ಕೆಳಗೆ ಇಳಿಸಿ ಕೈಗೆ ಮುತ್ತಿಡೋಕೆ ಬಿಡ್ತಿದ್ದರು. ನಾನು ಬಂದ ಮೊದಲ ವರ್ಷ ಗೆಳತಿಯ ಅಜ್ಜಿ ಜೊತೆ ಆ ಸಾಲಲ್ಲಿ ನಿಂತಿದ್ದೆ. ಚಳಿ, ಅಜ್ಜಿಗೆ ಮಂಡಿನೋವು. "ಕೂತ್ಕೋತೀರಾ?" ಅಂತ ಕೇಳಿದೆ. "ಆಕಿ ಸೆ ಎಸ್ಪೆರಾ" ಅಂದ್ರು. ಇಲ್ಲಿ ಕಾಯೋದು ಅಂತ ಅರ್ಥ. ಆದರೆ ಅವರು ಹೇಳಿದ ರೀತಿಗೆ, ಮುಂದಿದ್ದ ಬಾಗಿಲನ್ನ ನೋಡ್ತಿದ್ದ ಕಣ್ಣಿಗೆ, ಪುಸ್ತಕದ ಮೂರೂ ಅರ್ಥ ಒಟ್ಟಿಗೇ ಇದ್ದವು. ನನಗೆ ಆ ಪದ ಬಂದಿದ್ದು ಅವತ್ತು.

ಧಾರವಾಡ ಫೇಡೆ:
ನಮ್ಮಲ್ಲಿ ಶಬರಿ ಅದಾಳಲ್ರೀ. "ಶಬರಿ ಹಂಗ ಕಾದೆ" ಅಂದ್ರ ಬರೇ ಹೊತ್ತು ಕಳೆದೆ ಅಂತ ಯಾರೂ ತಿಳಕೊಳ್ಳೂದಿಲ್ಲ. ಚಾತಕ ಪಕ್ಷಿ ಹಂಗ ಕಾಯೂದೂ ಅಷ್ಟ.

ಅಂಕಗಣಿತ:
ಚಿಲಿಯದ್ದು ನೆನಪಾಯ್ತು. 2010ರ ಆಗಸ್ಟ್ 5ರಂದು ಅಟಕಾಮಾ ಮರುಭೂಮಿಯಲ್ಲಿ, ಕೊಪಿಯಾಪೊ ಹತ್ತಿರದ ಸಾನ್ ಹೋಸೆ ಗಣಿ ಕುಸಿದು 33 ಜನ ಸುಮಾರು 700 ಮೀಟರ್ ಆಳದಲ್ಲಿ ಸಿಕ್ಕಿಕೊಂಡರು. ಗಣಿ ಬಾಯಲ್ಲಿ ಮನೆಯವರೆಲ್ಲ ಡೇರೆ ಹಾಕಿ ಕೂತರು. ಆ ಬಿಡಾರಕ್ಕೆ ಬಿದ್ದ ಹೆಸರು "ಕಾಂಪಾಮೆಂತೊ ಎಸ್ಪೆರಾನ್ಸಾ". ಹದಿನೇಳು ದಿನ ಒಳಗಿನಿಂದ ಒಂದು ಸದ್ದೂ ಇಲ್ಲ. ಆಗಸ್ಟ್ 22ರಂದು ಕೊರೆಯೋ ಯಂತ್ರದ ತುದಿಗೆ ಕಟ್ಟಿದ್ದ ಚೀಟಿ ಮೇಲೆ ಬಂತು: ಆಸರೆಯಲ್ಲಿ 33 ಜನರೂ ಚೆನ್ನಾಗಿದ್ದೀವಿ. ಕೊನೆಗೆ ಅಕ್ಟೋಬರ್ 13ರಂದು ಎಲ್ಲರನ್ನೂ ಜೀವಂತ ಎತ್ತಿದರು, 69 ದಿನ ಆಗಿತ್ತು.

ಆ ಬಿಡಾರದ ಹೆಸರನ್ನ ಇಂಗ್ಲಿಷ್ ಪತ್ರಿಕೆಗಳು ಆಶಾಭಾವನೆಯ ಬಿಡಾರ ಅಂತ ಅನುವಾದ ಮಾಡಿದ್ವು. ತಪ್ಪಲ್ಲ. ಆದರೆ ಆ ಹದಿನೇಳು ದಿನ ಅಲ್ಲಿ ಕೂತವರು ಮಾಡ್ತಿದ್ದ ಕೆಲಸ, ಕಾಯೋ ಕೆಲಸ, ಆ ಅನುವಾದದಲ್ಲಿ ಇಲ್ಲ. ಎಸ್ಪೆರಾನ್ಸಾ ಅಂತ ಬೋರ್ಡ್ ಬರೆದವರಿಗೆ ಆ ಪದದಲ್ಲೇ ಎಸ್ಪೆರಾರ್ ಕೇಳಿಸ್ತಿರುತ್ತೆ.

ಕುಂದಾಪ್ರ ಕಡಲು:
ಎಸ್ಪೆರಾಂತೊ ಭಾಷೆಯ ಹೆಸರೂ ಇದರಿಂದಲೇ ಅಲ್ವಾ?

ಅಂಕಗಣಿತ:
ಹೌದು. 1887ರಲ್ಲಿ ವಾರ್ಸಾದಲ್ಲಿ ಝಮೆನ್ಹಾಫ್ ತನ್ನ ಭಾಷೆಯ ಮೊದಲ ಪುಸ್ತಕ ತಂದಾಗ ಹಾಕಿಕೊಂಡ ಹೆಸರು ಡಾಕ್ಟರ್ ಎಸ್ಪೆರಾಂತೊ, ಆಶಿಸುವವ. ಆದರೆ ಆತ ತನ್ನ ಭಾಷೆಯಲ್ಲಿ ಎರಡನ್ನೂ ಬೇರೆ ಮಾಡಿಬಿಟ್ಟ. "ಎಸ್ಪೆರಿ" ಅಂದ್ರೆ ಆಶಿಸು ಮಾತ್ರ, ಕಾಯೋಕೆ "ಅತೆಂದಿ". ಗೊಂದಲ ಇರಬಾರದು ಅಂತ ಕಟ್ಟಿದ ಭಾಷೆ, ಹಾಗೆ ಮಾಡಿದ್ದು ಸಹಜ. ನನಗೆ ಸ್ಪ್ಯಾನಿಷ್‌ನದೇ ಇಷ್ಟ.

ಹಸಿರು ಕೊಡೆ:
ಎಲ್ಲರಿಗೂ ಮನಸಾರೆ ಧನ್ಯವಾದ. ಇಡೀ ಚರ್ಚೆ ಎರಡು ಸಲ ಓದಿದೆ. ಹಳೇ ಮೆಸೇಜ್‌ಗಳನ್ನೆಲ್ಲ ಮತ್ತೆ ತೆಗೆದು ನೋಡಿದೆ. ಬರೀ "ಎಸ್ಪೆರೊ ಸು ರೆಸ್ಪುಯೆಸ್ತಾ" ಅಂತ ಬರೆದವರೇ ಹತ್ತಾರು ಜನ, 'ನಿಮ್ಮ ಉತ್ತರದ ಹಾದಿ ನೋಡ್ತಿದ್ದೀನಿ'. ಅದರಲ್ಲಿ ಎಷ್ಟನ್ನ ನಾನು ಬರೀ ಸೌಜನ್ಯ ಅಂತ ಬದಿಗಿಟ್ಟಿದ್ದೆನೋ.

ಆ ಗ್ರಾಹಕರ ಪಾರ್ಟ್ ನಿನ್ನೆ ತಲುಪಿದೆ ಅಂತ ಕೊರಿಯರ್‌ನವರ ಮಾಹಿತಿ. ಅವರಿಗೆ ಹೀಗೆ ಬರೆದಿದ್ದೀನಿ, ಇನ್ನೂ ಕಳಿಸಿಲ್ಲ: "ಎಸ್ಪೆರೊ ಆ ಕೆ ಲಾ ಪಿಯೆಸಾ ಆಯಾ ಯೆಗಾದೊ ಬಿಯೆನ್. ಗ್ರಾಸಿಯಾಸ್ ಪೋರ್ ಎಸ್ಪೆರಾರ್." ಪಾರ್ಟ್ ಸರಿಯಾಗಿ ತಲುಪಿದೆ ಅಂತ ಆಶಿಸ್ತೀನಿ, ಕಾದಿದ್ದಕ್ಕೆ ಧನ್ಯವಾದ. ಸರಿ ಇದೆಯಾ?

ಗ್ವಾದಲಾಹಾರ ವಾಸಿ:
ಮೊದಲನೇ ವಾಕ್ಯದಲ್ಲಿ "ಆ" ತೆಗೀರಿ. ಅಲ್ಲಿ ನೀವು ಆಶಿಸ್ತಿದ್ದೀರಿ. ಎರಡನೆಯದು ಹಾಗೇ ಇರಲಿ, ಅಲ್ಲಿ ಕಾದವರು ಅವರು.

ಹಸಿರು ಕೊಡೆ:
ತೆಗೆದೆ. ಕಳಿಸಿದೆ.